ಚೊಲೊ ಐತಿ ಅಂದರೆ ಮುಗೀತೇ?

ಕಾದಂಬರಿ ಓದಿ ಮುಗಿಸಿದ ಹೆಣ್ಣುಮಕ್ಕಳನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ನಮ್ಮ ರಾಯಚೂರು ಸೀಮೆಯಲ್ಲಿ ಸಿಗುವ ಉತ್ತರ ಎರಡೇ: ‘ಚೊಲೊ ಐತ್ರಿ’, ಇಲ್ಲವೇ ‘ಅಳು ಬಂತ್ರಿ’. ಅಲ್ಲಿಗೆ ಮಾತು ಮುಗಿಯಿತು. ಸಾರಿಗೆ ಉಪ್ಪು ಜಾಸ್ತಿಯಾದರೆ, ಸೀರೆಯ ಅಂಚು ಕಿರಿದಾದರೆ ತಾಸುಗಟ್ಟಲೆ ವಾದಿಸುವ ನಾವು, ಎರಡು ರಾತ್ರಿ ನಿದ್ದೆಗೆಟ್ಟು ಓದಿದ ಪುಸ್ತಕದ ಬಗ್ಗೆ ಎರಡು ಮಾತಿಗೇ ಯಾಕೆ ಸುಮ್ಮನಾಗುತ್ತೇವೆ? ಅಭಿಪ್ರಾಯ ಹೇಳುವುದು ಕಾಲೇಜಿನ ಪ್ರೊಫೆಸರರ ಕೆಲಸ ಎಂದು ನಮಗೆ ಯಾರು ಹೇಳಿಕೊಟ್ಟರೋ!

ನಾವು ಎಂಟು ಜನ ಗೆಳತಿಯರು ತಿಂಗಳಿಗೊಂದು ಭಾನುವಾರ ಮಸ್ಕಿಯಲ್ಲಿ ಸೇರುತ್ತೇವೆ. ಸಿಂಧನೂರಿನವರು ಮೂವರು, ಲಿಂಗಸುಗೂರಿನವರು ಮೂವರು, ಮಸ್ಕಿಯವರು ಇಬ್ಬರು. ಎರಡೂ ಕಡೆಯವರಿಗೆ ಅದು ನಡುದಾರಿ, ಬಸ್ಸಿಗೆ ಅನುಕೂಲ. 1915ರಲ್ಲಿ ಅಶೋಕನ ಹೆಸರೇ ಇರುವ ಶಾಸನ ಸಿಕ್ಕಿದ ಊರು ಬೇರೆ. ಓದುವವರು ಸೇರಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ನಮ್ಮದು ಒಂದೇ ನಿಯಮ: ಕಥೆ ಹೇಳಕೂಡದು. ಎಲ್ಲರೂ ಓದಿಕೊಂಡೇ ಬಂದಿರುತ್ತಾರಲ್ಲ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟ ಯಾವುದು, ಅಲ್ಲಿಂದ ಮಾತು ಸುರುವಾಗಬೇಕು.

ಮೊದಲು ಆರಿಸಿಕೊಂಡದ್ದು ತ್ರಿವೇಣಿಯವರ ‘ಶರಪಂಜರ’. ನಮ್ಮಲ್ಲಿ ಹೆಚ್ಚಿನವರು ಪುಟ್ಟಣ್ಣ ಕಣಗಾಲರ 1971ರ ಸಿನಿಮಾ ನೋಡಿದ ಮೇಲೆ ಪುಸ್ತಕ ಹಿಡಿದವರು. ಕಾವೇರಿ ಎಂದರೆ ಕಣ್ಣ ಮುಂದೆ ಕಲ್ಪನಾ, ಆಕೆಯ ಸೀರೆ, ಆಕೆಯ ನಗು. ಆ ಚಿತ್ರವನ್ನು ಬದಿಗೆ ಸರಿಸಿ ಪುಸ್ತಕ ಓದುವುದಕ್ಕೇ ನಮಗೆ ಒಂದು ಭಾನುವಾರ ಹೋಯಿತು.

ಎರಡನೆಯ ಸಲ ಜಗಳ ಹತ್ತಿತು. ಸಿಂಧನೂರಿನ ಅಕ್ಕಿ ಗಿರಣಿ ಮನೆಯ ಸೊಸೆ ಎಲ್ಲ ತಪ್ಪನ್ನೂ ಗಂಡನ ತಲೆಗೆ ಕಟ್ಟಿದಳು. ಲಿಂಗಸುಗೂರಿನ ನರ್ಸ್ ಗೆಳತಿ ಒಪ್ಪಲಿಲ್ಲ. “ಗಂಡನ್ನ ಒಬ್ಬನ್ನ ಬೈದ್ರ ಮುಗೀತೇನವ್ವಾ? ಆಕಿ ಆಸ್ಪತ್ರಿಂದ ಆರಾಮಾಗಿ ಬಂದಾಳ. ಮನಿ ಮಂದಿ, ಓಣಿ ಮಂದಿ, ಕೆಲಸದಾಕಿ, ಎಲ್ಲಾರೂ ಆಕಿನ್ನ ಹುಚ್ಚಿನ್ನ ನೋಡಿದಂಗ ನೋಡ್ತಾರ. ಬಾಣ ಅಂದ್ರ ಅವ,” ಅಂದಳು. ಬಾಣಂತಿಯರಿಗೆ ಬರುವ ಈ ಕಾಯಿಲೆಯನ್ನು ವಾರ್ಡಿನಲ್ಲಿ ಕಂಡವಳು ಆಕೆ. ಹಿಂದೆ ಯಾವ ಗುಟ್ಟೂ ಇಲ್ಲದ ಹೆಣ್ಣುಮಕ್ಕಳಿಗೂ ಅದು ಬರುತ್ತದೆ, ಹಾಗಿರುವಾಗ ಕಾವೇರಿಯ ಮದುವೆಗೆ ಮುಂಚಿನ ಆ ಘಟನೆಯನ್ನು ಲೇಖಕಿ ಯಾಕೆ ತಂದರು ಎಂಬುದು ಆಕೆಯ ತಕರಾರು. ನನಗೂ ಅದು ಹೌದೆನ್ನಿಸಿತು. ಮನಃಶಾಸ್ತ್ರ ಓದಿದ ತ್ರಿವೇಣಿಯವರಿಗೆ ಕಾಯಿಲೆಗೊಂದು ಕಾರಣ ಬೇಕಿತ್ತೇನೋ. ಆದರೆ ಆ ಕಾರಣವೇ ಗಂಡನ ಕೈಗೆ ಒಂದು ನೆಪ ಕೊಡುತ್ತದೆ. ಕಾದಂಬರಿಯ ಜೀವ ಇರುವುದು ಕಾವೇರಿ ಗುಣವಾಗಿ ಮನೆಗೆ ಮರಳಿದ ಮೇಲಿನ ಪುಟಗಳಲ್ಲಿ. ಅಲ್ಲಿ ಯಾವ ಕಾರಣವೂ ಬೇಕಿಲ್ಲ, ಬರೀ ನೋಟಗಳೇ ಸಾಕು. ಇದನ್ನು ಬರೆದ ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಅಷ್ಟು ಹೊತ್ತು ಬಾಯಿ ಬಿಡದೆ ಕುಳಿತಿದ್ದ ಒಬ್ಬಾಕೆ ಆಗ ಹೇಳಿದಳು: “ನಮ್ಮ ನೆಗೆಣ್ಣಿ ಧಾರವಾಡಕ್ಕ ಹೋಗಿ ತೋರಿಸ್ಕೊಂಡು ಬಂದು ಆರು ವರ್ಷಾತ್ರಿ ಅಕ್ಕಾರ. ಆರಾಮದಾಳ. ಇನ್ನೂ ಆಕಿ ಕೈಯಾಗ ಈಳಿಗಿ ಕೊಡಂಗಿಲ್ಲ ನಾವು.”

ಯಾರೂ ಮಾತಾಡಲಿಲ್ಲ. ಆಕೆ ಮತ್ತೆ ಆ ವಿಷಯ ಎತ್ತಲಿಲ್ಲ, ನಾವೂ ಕೆದಕಲಿಲ್ಲ. ಈ ಮಾತು ಆಕೆ ತವರಿನಲ್ಲೂ ಆಡಿರಲಿಕ್ಕಿಲ್ಲ. ಕಾವೇರಿಯ ಹೆಸರು ನಡುವೆ ಇದ್ದುದರಿಂದ ಆಡಿದಳು.

ಗೀತಾ ನಾಗಭೂಷಣರ ‘ಬದುಕು’ ಎತ್ತಿಕೊಂಡಾಗ ಜಗಳದ ದಾರಿಯೇ ಬೇರೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 2004ರಲ್ಲಿ ಈ ಕಾದಂಬರಿಗೆ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ ಮೊದಲನೆಯವರು ನಮ್ಮ ಕಲಬುರಗಿ ಕಡೆಯವರು ಎಂಬ ಹೆಮ್ಮೆಯಿಂದ ಸುರುಮಾಡಿದೆವು. ಐವತ್ತು ಪುಟ ದಾಟುವಷ್ಟರಲ್ಲಿ ನಮ್ಮಲ್ಲಿ ಹಿರಿಯರಾದ ಒಬ್ಬರು ಪುಸ್ತಕ ಮಡಚಿಟ್ಟರು. “ಇಂಥ ಮಾತು ನಳದ ಹಂತ್ಯಾಕ ಆಡ್ತಾರ. ಪುಸ್ತಕದಾಗ ಬರೀತಾರೇನು?”

ಬರೆಯಬೇಕು ಎಂಬುದು ನನ್ನ ವಾದ. ಮೂವತ್ತು ವರ್ಷದಿಂದ ಮಕ್ಕಳ ನೋಟ್‌ಬುಕ್ಕಿನಲ್ಲಿ ‘ಬಂದಾನ’ ಹೊಡೆದು ‘ಬಂದಿದ್ದಾನೆ’ ಮಾಡುವುದು ನನ್ನ ಉದ್ಯೋಗ. ಪರೀಕ್ಷೆಗೆ ಅದು ಬೇಕು. ಆದರೆ ಮೈಸೂರು ಕಡೆಯ, ಮಲೆನಾಡಿನ ಮನೆಗಳ ಕಾದಂಬರಿ ಓದಿಯೇ ಬೆಳೆದ ನಮಗೆ, ನಮ್ಮ ಕನ್ನಡದಲ್ಲೂ ಒಬ್ಬಳು ಹೆಣ್ಣುಮಗಳು ಪುಟಗಟ್ಟಲೆ ನೋಯಬಹುದು, ನಗಬಹುದು ಎಂದು ತೋರಿಸಿದ್ದು ಈ ಪುಸ್ತಕ. ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಕಷ್ಟದ ಮೇಲೆ ಕಷ್ಟ ಪೇರಿಸುತ್ತ ಹೋಗುತ್ತಾರೆ; ಓದುವವಳಿಗೆ ಉಸಿರಾಡಲು ಒಂದಿಷ್ಟು ಬಿಡುವು ಬೇಕಿತ್ತು.

ಆ ಹಿರಿಯರು ನನ್ನ ವಾದಕ್ಕೆ ಜಗ್ಗಲಿಲ್ಲ. ಆದರೆ ಮನೆಯಲ್ಲಿ ಅಕ್ಷರ ಬಾರದ ಅತ್ತೆಗೆ ಮೂರು ರಾತ್ರಿ ಪುಸ್ತಕ ಓದಿ ಹೇಳಿದರಂತೆ. ಅತ್ತೆ ಬೈಗುಳ ಬಂದಲ್ಲೆಲ್ಲ ನಕ್ಕು, “ಇನ್ನಾ ಖಾರ ಇರಬೇಕಿತ್ತು,” ಅಂದರಂತೆ.

ಮುಂದಿನ ತಿಂಗಳಿಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಎಂದು ಗೊತ್ತಾಗಿದೆ. 1976ರ ಪುಸ್ತಕ, ಬಾಲವಿಧವೆಯೊಬ್ಬಳ ದೀರ್ಘ ಬಾಳು. ಪ್ರತಿಗಳು ಮೂರೇ ಸಿಕ್ಕಿವೆ. ಮೊದಲ ಹತ್ತು ದಿನ ಲಿಂಗಸುಗೂರಿನವರಿಗೆ, ಆಮೇಲೆ ಸಿಂಧನೂರಿಗೆ, ಕಡೆಗೆ ಮಸ್ಕಿಗೆ. ಆ ಅತ್ತೆಯವರು ತಮಗೂ ನಾಲ್ಕು ರಾತ್ರಿ ಬೇಕೆಂದು ಹೇಳಿ ಕಳಿಸಿದ್ದಾರೆ.