ಪರಮಾಣುವಿಗೆ ಎಂಟರ ಆಸೆಯೇ?

ಹೊರಕವಚದಲ್ಲಿ ಎಂಟು ಇಲೆಕ್ಟ್ರಾನುಗಳಾಗಲೆಂದು ಸೋಡಿಯಮ್ ತನ್ನ ಒಂದನ್ನು ಕ್ಲೋರೀನಿಗೆ ತಾನಾಗಿ ಕೊಟ್ಟುಬಿಡುತ್ತದೆ ಎಂದು ನಾವು ಪಾಠ ಹೇಳುತ್ತೇವೆ. ಲೆಕ್ಕ ಹಾಕಿ ನೋಡಿ. ಅನಿಲರೂಪದ ಒಂದು ಮೋಲ್ ಸೋಡಿಯಮ್ ಪರಮಾಣುಗಳಿಂದ ಒಂದೊಂದು ಇಲೆಕ್ಟ್ರಾನ್ ಕೀಳಲು 496 ಕಿಲೋಜೌಲ್ ಬೇಕು. ಅವನ್ನು ಪಡೆದ ಕ್ಲೋರೀನ್ ಪರಮಾಣುಗಳು ಹೊರಬಿಡುವುದು 349 ಮಾತ್ರ. ಈ ವ್ಯವಹಾರದಲ್ಲಿ 147 ನಷ್ಟ! ನಷ್ಟ ತುಂಬುವುದು ಅಷ್ಟಕವಲ್ಲ, ವಿರುದ್ಧ ಆವೇಶದ ಅಯಾನುಗಳ ಆಕರ್ಷಣೆ. ಅವು ಉಪ್ಪಿನ ಹರಳಾಗಿ ಕೂಡಿದಾಗ ಸುಮಾರು 787 ಕಿಲೋಜೌಲ್ ಬಿಡುಗಡೆಯಾಗುತ್ತದೆ. ಸೂತ್ರ ಬರೆಯಲು ಅಷ್ಟಕ ನಿಯಮ ಅನುಕೂಲವೇ, ಅದನ್ನು ಕೈಬಿಡಬೇಕಿಲ್ಲ. ಆದರೆ ಬಂಧಕ್ಕೆ ಕಾರಣ ಎಂಟರ ಆಸೆಯೇ ಎಂದರೆ, ಎಂಟು ಭರ್ತಿಯಾಗಿದ್ದ ಕ್ಸೆನಾನ್ 1962ರಲ್ಲಿ ನೀಲ್ ಬಾರ್ಟ್ಲೆಟ್ ಅವರ ಪ್ರಯೋಗದಲ್ಲಿ ಸಂಯುಕ್ತವಾದದ್ದೇಕೆ ಎಂದು ವಿದ್ಯಾರ್ಥಿ ಕೇಳಿದಾಗ ಏನು ಹೇಳುತ್ತೀರಿ?