ಮಾರೋವಿಂಡ್ ಮತ್ತು ಒಬ್ಲಿವಿಯನ್: ಪೂರ್ವೋತ್ತರ ಕೃತಿಗಳ ತಾರತಮ್ಯ

ಅಮೆರಿಕದ ಬೆಥೆಸ್ಡಾ ಸಂಸ್ಥೆಯವರ 'ಎಲ್ಡರ್ ಸ್ಕ್ರೋಲ್ಸ್' ಎಂಬ ವಿಡಿಯೋ ಆಟಗಳ ಮಾಲೆಯಲ್ಲಿ ಮೂರನೆಯದಾದ 'ಮಾರೋವಿಂಡ್' 2002ರಲ್ಲಿಯೂ, ನಾಲ್ಕನೆಯದಾದ 'ಒಬ್ಲಿವಿಯನ್' 2006ರಲ್ಲಿಯೂ ಹೊರಬಂದುವು. ಎರಡೂ ಅದ್ಭುತಕಥೆಗಳು; ಎರಡರಲ್ಲಿಯೂ ಆಡುವವನೇ ನಾಯಕನು; ಸೆರೆಯಿಂದ ಬಿಡುಗಡೆ ಹೊಂದಿದವನು.

ಪೂರ್ವಕೃತಿಯಲ್ಲಿ ದಾರಿ ತಿಳಿಯುವುದು ಜನರ ಮಾತಿನಿಂದ. ಯಾವ ಹೊಳೆಯನ್ನು ದಾಟಬೇಕು, ಎಲ್ಲಿ ತಿರುಗಬೇಕು ಎಂದು ಅವರು ಹೇಳಿದುದು ದಿನಚರಿಯಲ್ಲಿ ದಾಖಲಾಗುತ್ತದೆ. ಅದನ್ನು ನೆಲದೊಡನೆ ಹೋಲಿಸಿಕೊಂಡು ನಾಯಕನು ನಡೆಯಬೇಕು. ದಾರಿ ತಪ್ಪುವುದೂ ಉಂಟು. ಉತ್ತರಕೃತಿಯಲ್ಲಿ ದಿಕ್ಸೂಚಿಯ ಮೇಲಣ ಗುರುತೇ ಗುರಿಯತ್ತ ಒಯ್ಯುತ್ತದೆ. ಮೊದಲನೆಯದರಲ್ಲಿ ಕಥೆಗೆ ಅವಶ್ಯಕನಾದವನನ್ನು ಕೊಂದರೆ, ಭವಿಷ್ಯವಾಣಿಯ ಎಳೆ ಹರಿಯಿತೆಂಬ ಎಚ್ಚರಿಕೆ ಬರುತ್ತದೆ. ಎರಡನೆಯದರಲ್ಲಿ ಅಂಥವನು ಮೂರ್ಛೆಹೋಗಿ ಮತ್ತೆ ಏಳುತ್ತಾನೆ.

ಉತ್ತರಕೃತಿಯ ಗುಣಗಳು ಅಲ್ಪವಲ್ಲ. ಪೂರ್ವಕೃತಿಯ ಜನರು ಬಹುಮಟ್ಟಿಗೆ ನಿಂತಲ್ಲಿಯೇ ನಿಂತ ಬೊಂಬೆಗಳು. ಅವರ ಮಾತಿನ ಬಹುಭಾಗವನ್ನು ಓದಿಯೇ ತಿಳಿಯಬೇಕು. 'ಒಬ್ಲಿವಿಯನ್'ನವರು ದನಿಯೆತ್ತಿ ಮಾತನಾಡುತ್ತಾರೆ. ಉಣ್ಣುವುದಕ್ಕೂ ಮಲಗುವುದಕ್ಕೂ ಅವರಿಗೆ ವೇಳೆಯುಂಟು. ಲೋಕದ ಸಜೀವತೆಯಲ್ಲಿ ಇದು ನಿಜವಾದ ಮುನ್ನಡೆ.

ಆದರೆ ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಭಾವ. ಸೇರತಕ್ಕ ಸ್ಥಳವು ಮೊದಲೇ ಗೊತ್ತಾಗಿ, ತಪ್ಪಿಗೆ ಎಡೆಯಿಲ್ಲವಾದಲ್ಲಿ ವಿಸ್ಮಯವು ಕುಂದುವುದು. ಆಯ್ಕೆಗೆ ಭಾರವೂ ಉಳಿಯದು. ಆದುದರಿಂದ ಸೌಕರ್ಯದಲ್ಲಿ ಉತ್ತರಕೃತಿಯೂ, ರಸಪೋಷಣೆಯಲ್ಲಿ ಪೂರ್ವಕೃತಿಯೂ ಮೇಲೆಂದು ಹೇಳಬೇಕಾಗುತ್ತದೆ.