ಕಿಟಕಿ ನಮ್ಮದು, ಚೌಕಟ್ಟು ಯಾರದ್ದು?

ಸೋದರಮಾವನ ಹಾರ್ಡ್‌ವೇರ್ ಅಂಗಡಿಗೆ ಅಂತ ಒಂದು ಪುಟ್ಟ ಸ್ಟಾಕ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಒಳಗೆ ಪೈಥಾನ್, ಮೇಲೆ ಕ್ಯೂಟ್ ಟೂಲ್‌ಕಿಟ್. ಎರಡು ವೀಕೆಂಡ್‌ಗಳ ಕೆಲಸ. ಮೂರನೇ ದಿನವೇ ಫೋನ್ ಬಂತು. ಬೆಳಗ್ಗೆಯಿಂದ ಕೂತು ಟೈಪ್ ಮಾಡಿದ್ದ ಎಂಟ್ರಿಗಳೆಲ್ಲ ಮಾಯವಾಗಿದ್ದವು. "ಸೇವ್ ಒತ್ತಿದ್ರಾ ಮಾವ?" ಅಂತ ಕೇಳಿದೆ. "ಊಟಕ್ಕೆ ಹೊರಟಿದ್ದೆ, ಮೇಲಿನ ಇಂಟು ಗುರುತು ಒತ್ತಿದೆ. ನಾನು ಮುಚ್ಚಿದ್ದು ಕಿಟಕಿ ಕಣೋ, ಲೆಕ್ಕ ಅಲ್ಲ" ಅಂದರು.

ತಪ್ಪು ನನ್ನದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ತಪ್ಪು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನನಗೆ ಅನ್ನಿಸಿದ್ದು ಇದು: ಕ್ರಾಸ್-ಪ್ಲಾಟ್‌ಫಾರ್ಮ್ ಟೂಲ್‌ಕಿಟ್‌ಗಳು ಬಟನ್, ಲಿಸ್ಟ್, ಟೆಕ್ಸ್ಟ್‌ಬಾಕ್ಸ್‌ಗಳ ವಿಷಯದಲ್ಲಿ ಸತ್ಯವನ್ನೇ ಹೇಳುತ್ತವೆ. ಎಲ್ಲಕ್ಕಿಂತ ಹೊರಗಿನ ವಿಂಡೋ, ಅಂದರೆ ಟಾಪ್-ಲೆವೆಲ್ ವಿಂಡೋ ವಿಷಯಕ್ಕೆ ಬಂದಾಗ ಮಾತ್ರ ಸಣ್ಣದೊಂದು ಸುಳ್ಳು ಹೇಳುತ್ತವೆ. ವಿಂಡೋ ಪೂರ್ತಿ ನಿನ್ನದೇ, ಹೇಳಿದ ಹಾಗೆ ಕೇಳುತ್ತೆ ಅಂತ ನಂಬಿಸುತ್ತವೆ.

ಅದು ಹೇಗೆ ಸುಳ್ಳು ಅಂತ ನೋಡೋಣ. ನಿಮ್ಮ ವಿಂಡೋದ ಒಳಗಿರುವ ಬಟನ್ ಪೂರ್ತಿಯಾಗಿ ನಿಮ್ಮ ಪ್ರೋಗ್ರಾಮಿನ ಸ್ವತ್ತು. ಎಲ್ಲಿ ಇಡಬೇಕು ಅಂದರೆ ಅಲ್ಲೇ ಇರುತ್ತೆ. ಆದರೆ ಹೊರಗಿನ ಚೌಕಟ್ಟು, ಟೈಟಲ್ ಬಾರ್, ಮುಚ್ಚುವ ಗುರುತು ಮತ್ತು ಪರದೆಯ ಮೇಲಿನ ಜಾಗ ಇವೆಲ್ಲ ಬೇರೆಯವರ ಕೈಯಲ್ಲಿವೆ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ಮಿನದು ಕೊನೆ ಮಾತು. ಲಿನಕ್ಸ್‌ನ ಹಳೆಯ ಎಕ್ಸ್11 ವ್ಯವಸ್ಥೆಯಲ್ಲಿ ವಿಂಡೋ ಮ್ಯಾನೇಜರ್ ಅನ್ನೋ ಬೇರೆಯದೇ ಪ್ರೋಗ್ರಾಂ ಇದೆ. ಬಾಡಿಗೆ ಮನೆ ಇದ್ದ ಹಾಗೆ ಅಂದುಕೊಳ್ಳಿ. ಒಳಗೆ ಸೋಫಾ ಎಲ್ಲಿರಬೇಕು ಅನ್ನೋದು ನಿಮ್ಮಿಷ್ಟ. ಗೇಟು, ಕಾಂಪೌಂಡು ವಿಷಯಕ್ಕೆ ಓನರ್ ಹತ್ತಿರ ಕೇಳಲೇಬೇಕು. ಕೇಳಿದರೂ ಅವರು ಒಪ್ಪಲೇಬೇಕು ಅಂತೇನಿಲ್ಲ.

ಈಗ ಕ್ಯೂಟ್ ತೆಗೆದುಕೊಳ್ಳಿ. ನಾರ್ವೆಯ ಇಬ್ಬರು ಶುರುಮಾಡಿ, 1995ರಲ್ಲಿ ಮೊದಲ ಸಲ ಹೊರಬಂದ ಟೂಲ್‌ಕಿಟ್ ಇದು. ಇದರಲ್ಲಿ ವಿಂಡೋ ಮಾಡೋದಕ್ಕೆ ಒಂದು ಚಂದದ ನಿಯಮ ಇದೆ: ಯಾವ ವಿಡ್ಜೆಟ್‌ಗೆ ಪೇರೆಂಟ್ ಇಲ್ಲವೋ ಅದೇ ವಿಂಡೋ. ಬೇರೆ ಕ್ಲಾಸೇ ಬೇಕಿಲ್ಲ. ಬರೀ ಒಂದು ಲೇಬಲ್ ಮಾಡಿ, ಪೇರೆಂಟ್ ಕೊಡದೆ ಶೋ ಅಂತ ಕರೆದರೆ ಅದಕ್ಕೂ ಟೈಟಲ್ ಬಾರ್ ಬಂದುಬಿಡುತ್ತೆ. ಮೊದಲ ಸಲ ನೋಡಿದಾಗ ನಾನು ಮನಸೋತದ್ದು ಇದಕ್ಕೇ.

ಆದರೆ ಈ ಚಂದಕ್ಕೆ ಬೆಲೆ ಇದೆ. ಡೈಲಾಗ್ ಮಾಡುವಾಗ ಪೇರೆಂಟ್ ಕೊಡೋದು ಮರೆತರೆ ಯಾವ ಎರರ್ರೂ ಬರಲ್ಲ. ಆ ಡೈಲಾಗ್ ಸುಮ್ಮನೆ ಸ್ವತಂತ್ರ ವಿಂಡೋ ಆಗಿ, ಟಾಸ್ಕ್‌ಬಾರ್‌ನಲ್ಲಿ ತನ್ನದೇ ಜಾಗ ಹಿಡಿದು, ಮುಖ್ಯ ವಿಂಡೋದ ಹಿಂದೆ ಹೋಗಿ ಕೂರಬಹುದು. ಬಳಸುವವರು ಪ್ರೋಗ್ರಾಂ ಹ್ಯಾಂಗ್ ಆಯ್ತು ಅಂದುಕೊಳ್ಳುತ್ತಾರೆ. ಪೈಥಾನ್‌ನಲ್ಲಿ ಇನ್ನೊಂದು ತಮಾಷೆ ಇದೆ. ಒಂದು ಫಂಕ್ಷನ್ ಒಳಗೆ ಎರಡನೇ ವಿಂಡೋ ಮಾಡಿ ತೋರಿಸ್ತೀರಿ, ಅದು ಮಿಂಚಿ ಮಾಯವಾಗುತ್ತೆ. ಪೇರೆಂಟ್ ಇಲ್ಲ, ಹಿಡಿದಿಟ್ಟುಕೊಂಡ ವೇರಿಯಬಲ್ ಇಲ್ಲ, ಹಾಗಾಗಿ ಫಂಕ್ಷನ್ ಮುಗಿದ ತಕ್ಷಣ ಪೈಥಾನ್ ಅದನ್ನು ಗುಡಿಸಿಹಾಕಿರುತ್ತೆ. 'ವಿಂಡೋ ಅಂದರೂ ಇನ್ನೊಂದು ವಿಡ್ಜೆಟ್ ಅಷ್ಟೇ' ಅನ್ನೋ ಸರಳ ಮಾತು ಇಲ್ಲೆಲ್ಲ ಕಾಲಿಗೆ ತೊಡರುತ್ತೆ.

ಇನ್ನು ವಿಂಡೋದ ಜಾಗ. ಆಫೀಸಿನಲ್ಲಿ ಎರಡು ಮಾನಿಟರ್ ಇಟ್ಟುಕೊಂಡು ಕೆಲಸ ಮಾಡೋರಿಗೆ ಇದು ಗೊತ್ತಿರುತ್ತೆ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಪ್ರೋಗ್ರಾಂ ಓಡ್ತಾ ಇದೆ ಅಂತ ಟಾಸ್ಕ್‌ಬಾರ್ ಹೇಳುತ್ತೆ, ವಿಂಡೋ ಮಾತ್ರ ಕಾಣಲ್ಲ. ಬರೆದ ಪುಣ್ಯಾತ್ಮರು ಕಳೆದ ಸಲದ ಜಾಗವನ್ನು ಉಳಿಸಿಟ್ಟು, ಈ ಸಲ ಮೂವ್ ಅಂತ ಕರೆದು ಅಲ್ಲಿಗೇ ಕಳಿಸಿರುತ್ತಾರೆ. ಆ ಮಾನಿಟರ್ ಆಫೀಸಿನಲ್ಲೇ ಉಳಿದಿದೆ.

ಕ್ಯೂಟ್‌ನಲ್ಲಿ ಇದಕ್ಕಿಂತ ಮೋಜಿನ ಒಂದು ತೊಂದರೆಯಿದೆ. ಮೂವ್ ಅನ್ನೋದು ಚೌಕಟ್ಟನ್ನೂ ಸೇರಿಸಿ ಲೆಕ್ಕ ಹಾಕುತ್ತೆ, ಜಿಯಾಮೆಟ್ರಿ ಅನ್ನೋದು ಚೌಕಟ್ಟು ಬಿಟ್ಟು ಲೆಕ್ಕ ಹಾಕುತ್ತೆ. ಒಂದರಿಂದ ಓದಿ ಇನ್ನೊಂದಕ್ಕೆ ಕೊಟ್ಟರೆ, ಪ್ರತಿ ಸಲ ತೆರೆದಾಗಲೂ ವಿಂಡೋ ಒಂದು ಟೈಟಲ್ ಬಾರ್‌ನಷ್ಟು ಕೆಳಗೆ ಜಾರುತ್ತೆ. ಮಾವನ ಅಂಗಡಿಯಲ್ಲಿ ಇದೂ ಆಗಿತ್ತು. "ನಿನ್ನ ಪ್ರೋಗ್ರಾಂ ದಿನಾ ಸ್ವಲ್ಪ ಸ್ವಲ್ಪ ಇಳೀತಿದೆ" ಅಂದಾಗ ನಾನು ನಂಬಿರಲಿಲ್ಲ.

ಇದಕ್ಕೆ ಮದ್ದು ಕ್ಯೂಟ್‌ನಲ್ಲೇ ಇದೆ. ಸೇವ್‌ಜಿಯಾಮೆಟ್ರಿ, ರಿಸ್ಟೋರ್‌ಜಿಯಾಮೆಟ್ರಿ ಅನ್ನೋ ಜೋಡಿ. ಉಳಿಸಿಟ್ಟ ಜಾಗ ಈಗಿನ ಪರದೆಯ ಆಚೆ ಇದ್ದರೆ ವಿಂಡೋವನ್ನು ಒಳಕ್ಕೆ ಎಳೆದುಕೊಳ್ಳುವಷ್ಟು ಬುದ್ಧಿ ಅದಕ್ಕಿದೆ. ನನ್ನ ತಕರಾರು ಏನೆಂದರೆ, ಮೂವ್ ಅನ್ನೋ ಹೆಸರು ಅಷ್ಟು ಸಲೀಸಾಗಿ ಕೈಗೆ ಸಿಗುವಾಗ ಇದನ್ನು ಹುಡುಕಿಕೊಂಡು ಹೋಗೋರು ಯಾರು?

ಲಿನಕ್ಸ್‌ನ ಹೊಸ ವೇಲ್ಯಾಂಡ್ ವ್ಯವಸ್ಥೆ ಈ ಸುಳ್ಳನ್ನು ಬಯಲು ಮಾಡಿತು. ಅಲ್ಲಿ ಒಂದು ಪ್ರೋಗ್ರಾಮಿಗೆ ತನ್ನ ವಿಂಡೋ ಪರದೆಯ ಮೇಲೆ ಎಲ್ಲಿದೆ ಅನ್ನೋದೇ ಗೊತ್ತಾಗಲ್ಲ. ಇಂಥ ಕಡೆ ಇಡು ಅಂತ ಹೇಳುವ ದಾರಿಯೂ ಟಾಪ್-ಲೆವೆಲ್ ವಿಂಡೋಗಳಿಗೆ ಇಲ್ಲ. ಕ್ಯೂಟ್‌ನಲ್ಲಿ ಮೂವ್ ಕರೆಯಬಹುದು, ಕಂಪೈಲ್ ಆಗುತ್ತೆ, ಓಡುತ್ತೆ, ಏನೂ ಆಗಲ್ಲ. ವಿಂಡೋವನ್ನು ಮುಂದಕ್ಕೆ ತರುವ ಕರೆಯ ಕಥೆಯೂ ಹೆಚ್ಚುಕಮ್ಮಿ ಅದೇ. ವಿಂಡೋಸ್‌ನಲ್ಲಿ ನಿಮ್ಮ ಪ್ರೋಗ್ರಾಂ ಹಿನ್ನೆಲೆಯಲ್ಲಿದ್ದಾಗ 'ನನ್ನನ್ನು ಮುಂದೆ ತಾ' ಅಂದರೆ ಸಾಮಾನ್ಯವಾಗಿ ಟಾಸ್ಕ್‌ಬಾರ್‌ನಲ್ಲಿ ಬಣ್ಣ ಬದಲಾಗುತ್ತೆ, ಅಷ್ಟೇ. ಅದು ಸರಿಯೇ. ನೀವು ಪಾಸ್‌ವರ್ಡ್ ಹೊಡೀತಾ ಇರುವಾಗ ಇನ್ಯಾವುದೋ ಚಾಟ್ ವಿಂಡೋ ಮುಂದೆ ಬಂದು ಆ ಅಕ್ಷರಗಳನ್ನು ಹೀರಿಕೊಂಡರೆ ಯಾರಿಗೆ ಬೇಕು? ಓನರ್ ಮಾಡಿದ ನಿಯಮಕ್ಕೆ ಕಾರಣ ಇದೆ. ನಮಗೆ ಆ ನಿಯಮ ಇದೆ ಅಂತ ಮೊದಲೇ ಹೇಳಬೇಕಿತ್ತು, ಅಷ್ಟೇ.

ಹೇಳಿದವರೂ ಇದ್ದಾರೆ. ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಕಟ್ಟಿದ ಟಿಕೆ ಅನ್ನೋ ಟೂಲ್‌ಕಿಟ್ ನೋಡಿ. ನೋಡೋಕೆ ಹಳೇ ಕಾಲದ್ದು, ಅಂದಚಂದ ಕಮ್ಮಿ. ಆದರೆ ಅದರಲ್ಲಿ ವಿಂಡೋದ ಶೀರ್ಷಿಕೆ, ಅಳತೆ, ಜಾಗ, ಮುಚ್ಚುವ ವ್ಯವಸ್ಥೆ ಎಲ್ಲವೂ ಒಂದೇ ಆಜ್ಞೆಯ ಕೆಳಗೆ ಬರುತ್ತವೆ. ಆ ಆಜ್ಞೆಯ ಹೆಸರು ಡಬ್ಲ್ಯುಎಂ, ಅಂದರೆ ವಿಂಡೋ ಮ್ಯಾನೇಜರ್. ಶೀರ್ಷಿಕೆ ಬದಲಾಯಿಸುವಾಗಲೆಲ್ಲ 'ನಾನು ಇನ್ನೊಬ್ಬರ ಹತ್ತಿರ ಕೇಳ್ತಾ ಇದ್ದೀನಿ' ಅಂತ ನೀವೇ ಟೈಪ್ ಮಾಡಿರುತ್ತೀರಿ. ಇದೇ ಟಿಕೆ ಪೈಥಾನ್‌ಗೆ ಟಿಕಿಂಟರ್ ಆಗಿ ಬಂದಾಗ ಆ ಮುಂದಿನ ಎರಡಕ್ಷರವನ್ನು ಬಿಟ್ಟು ಬರೀ ಟೈಟಲ್, ಬರೀ ಜಿಯಾಮೆಟ್ರಿ ಅಂತಲೂ ಕರೆಯಬಹುದು ಅಂತ ಮಾಡಿದರು. ಉದ್ದನೆಯ ಹೆಸರು ಈಗಲೂ ಇದೆ, ಆದರೆ ನಾನು ನೋಡಿದ ಟ್ಯುಟೋರಿಯಲ್‌ಗಳು ಬಳಸೋದು ಗಿಡ್ಡದ್ದನ್ನೇ. ಎರಡಕ್ಷರ ಉಳಿಯಿತು, ಒಂದು ಸತ್ಯ ಕಳೆದುಹೋಯಿತು.

ಜಿಟಿಕೆ ಇನ್ನೂ ಕಟ್ಟುನಿಟ್ಟು. 2020ರಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ವಿಂಡೋವನ್ನು ಸರಿಸುವ ಫಂಕ್ಷನ್ನನ್ನೇ ಕಿತ್ತುಹಾಕಿದರು. ಅಳತೆಯ ವಿಷಯದಲ್ಲೂ ರೀಸೈಜ್ ಹೋಗಿ 'ಡೀಫಾಲ್ಟ್ ಸೈಜ್' ಅನ್ನೋದು ಉಳಿಯಿತು. ಅಂದರೆ ಇದು ನನ್ನ ಸೂಚನೆ, ಮುಂದಿನದು ನಿಮ್ಮಿಷ್ಟ ಅಂತ. ವಿಂಡೋಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದ ಸೌಲಭ್ಯವನ್ನೂ ಯಾಕೆ ಕಿತ್ತಿರಿ ಅಂತ ಬೈದುಕೊಂಡವರಲ್ಲಿ ನಾನೂ ಒಬ್ಬ. ಈಗ ಯೋಚಿಸಿದರೆ, ಕರೆದರೂ ಕೆಲಸ ಮಾಡದ ಫಂಕ್ಷನ್‌ಗಿಂತ ಇಲ್ಲದ ಫಂಕ್ಷನ್ ವಾಸಿ ಅನ್ನಿಸುತ್ತೆ.

ಮೆನು ವಿಷಯದಲ್ಲಿ ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡೋರು ಗಮನಿಸಬೇಕಾದ್ದು ಒಂದಿದೆ. ಮ್ಯಾಕ್‌ನಲ್ಲಿ ಮೆನು ಬಾರ್ ವಿಂಡೋದಲ್ಲಿ ಇರಲ್ಲ, ಪರದೆಯ ತುದಿಗೆ ಹೋಗುತ್ತೆ. ಕ್ವಿಟ್, ಅಬೌಟ್, ಪ್ರಿಫರೆನ್ಸಸ್ ಇವು ಪ್ರೋಗ್ರಾಮಿನ ಹೆಸರಿನ ಮೆನುವಿಗೆ ಸೇರಬೇಕು. ಯಾವ ಐಟಂ ಯಾವುದು ಅಂತ ಕ್ಯೂಟ್ ಹೇಗೆ ಕಂಡುಹಿಡಿಯುತ್ತೆ? ನೀವೇ ಹೇಳದಿದ್ದರೆ, ಅದರ ಮೇಲೆ ಬರೆದಿರುವ ಪದ ಓದಿ ಊಹಿಸುತ್ತೆ. ಇಂಗ್ಲಿಷ್‌ನಲ್ಲಿದ್ದರೆ ಊಹೆ ಹೊಂದುತ್ತೆ. 'ನಿರ್ಗಮನ' ಅಂತ ಬರೆದರೆ, ಅದಕ್ಕೆ ತಕ್ಕ ಅನುವಾದವನ್ನೂ ಒದಗಿಸದ ಹೊರತು, ಊಹೆ ತಪ್ಪಿ ಐಟಂ ಇದ್ದಲ್ಲೇ ಉಳಿಯುತ್ತೆ. 'ಇದು ಕ್ವಿಟ್' ಅಂತ ಮೆನು ರೋಲ್ ಕೊಟ್ಟು ಸ್ಪಷ್ಟವಾಗಿ ಹೇಳುವ ದಾರಿ ಇದೆ, ಅದನ್ನೇ ಬಳಸಿ.

1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡಬ್ಲ್ಯುಎಕ್ಸ್‌ವಿಡ್ಜೆಟ್ಸ್ ಇದನ್ನು ಚೆನ್ನಾಗಿ ನಿಭಾಯಿಸುತ್ತೆ. ಅಲ್ಲಿ ಗುರುತಿಸೋದು ಪದದಿಂದ ಅಲ್ಲ, ಐಟಂಗೆ ಕೊಟ್ಟ ನಿಗದಿತ ಐಡಿಯಿಂದ. ಭಾಷೆ ಯಾವುದಾದರೂ ಆಗುತ್ತೆ. ಇಂಗ್ಲಿಷ್ ಬಾರದವರೂ ಈ ಪ್ರೋಗ್ರಾಂ ಬಳಸಬಹುದು ಅನ್ನೋ ಎಣಿಕೆ ಆ ವಿನ್ಯಾಸದಲ್ಲೇ ಇದೆ.

ಈಗ ಮತ್ತೆ ಮಾವನ ಇಂಟು ಗುರುತಿಗೆ ಬರೋಣ. ಮುಚ್ಚೋದು ಅನ್ನೋ ಒಂದೇ ಕ್ರಿಯೆಗೆ ಎಷ್ಟು ಅರ್ಥ ನೋಡಿ. ಜಾವಾದ ಸ್ವಿಂಗ್‌ನಲ್ಲಿ ನೀವೇನೂ ಹೇಳದಿದ್ದರೆ ಜೆಫ್ರೇಮ್ ಮುಚ್ಚಿದಾಗ ಬರೀ ಮರೆಯಾಗುತ್ತೆ, ಪ್ರೋಗ್ರಾಂ ಒಳಗೆ ಓಡ್ತಾನೇ ಇರುತ್ತೆ. ಕಾಲೇಜು ಲ್ಯಾಬಿನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ಸಾಲುಸಾಲು ಜಾವಾ ಪ್ರಕ್ರಿಯೆಗಳನ್ನು ಕೊಂದವರಿಗೆ ಇದು ನೆನಪಿರಬೇಕು. ಕ್ಯೂಟ್‌ನಲ್ಲೂ ಮುಚ್ಚಿದ ವಿಂಡೋ ಮರೆಯಾಗುತ್ತೆ, ಅಳಿಯಬೇಕಾದರೆ ಬೇರೆಯಾಗಿ ಹೇಳಬೇಕು. ಆದರೆ ಕೊನೆಯ ವಿಂಡೋ ಮುಚ್ಚಿದರೆ ಪ್ರೋಗ್ರಾಮೇ ಮುಗಿಯುತ್ತೆ. ಮ್ಯಾಕ್ ಬಳಸೋರಿಗೆ ಅನೇಕ ಪ್ರೋಗ್ರಾಂಗಳಲ್ಲಿ ಇದರ ಉಲ್ಟಾ ರೂಢಿ: ವಿಂಡೋ ಹೋದರೂ ಪ್ರೋಗ್ರಾಂ ಇರಬೇಕು. ಎಲೆಕ್ಟ್ರಾನ್‌ನಲ್ಲಿ ಕೆಲಸ ಮಾಡೋರು 'ಮ್ಯಾಕ್ ಅಲ್ಲದಿದ್ದರೆ ಮಾತ್ರ ಕ್ವಿಟ್ ಮಾಡು' ಅನ್ನೋ ಸಾಲನ್ನು ಕಾಪಿ ಮಾಡಿಯೇ ಮಾಡಿರುತ್ತಾರೆ. ಆ ಸಾಲು ನೋಡೋಕೆ ಕೊಳಕು, ಆದರೆ ವ್ಯತ್ಯಾಸ ಇದೆ ಅಂತ ಕಣ್ಣಿಗೆ ಕಾಣೋ ಹಾಗೆ ಹೇಳುತ್ತೆ.

ಇಲ್ಲೂ ನನಗೆ ಡಬ್ಲ್ಯುಎಕ್ಸ್‌ವಿಡ್ಜೆಟ್ಸ್ ಬಳಸಿದ ಪದ ಇಷ್ಟ. ಮುಚ್ಚುವ ಸೂಚನೆ ಬಂದಾಗ ಬೇಡ ಅನ್ನೋದಕ್ಕೆ ಅಲ್ಲಿ 'ವೀಟೋ' ಅಂತಾರೆ. ಅದಕ್ಕೂ ಮುಂಚೆ 'ನಾನು ವೀಟೋ ಮಾಡಬಹುದಾ?' ಅಂತ ಕೇಳುವ ಇನ್ನೊಂದು ಕರೆ ಇದೆ. ಅನುಮತಿ ಇಲ್ಲ ಅಂದರೆ ನಿಮ್ಮ ವಾದಕ್ಕೆ ಬೆಲೆಯಿಲ್ಲ, ವಿಂಡೋವನ್ನು ಅಳಿಸಲೇಬೇಕು. ಬಾಡಿಗೆದಾರನ ಹಕ್ಕೆಷ್ಟು, ಅದರ ಮಿತಿಯೆಷ್ಟು ಅಂತ ಎರಡೇ ಹೆಸರಿನಲ್ಲಿ ಹೇಳಿಬಿಟ್ಟಿದ್ದಾರೆ.

ವ್ಯತ್ಯಾಸಗಳನ್ನು ಮುಚ್ಚಿಡೋದೇ ಕ್ರಾಸ್-ಪ್ಲಾಟ್‌ಫಾರ್ಮ್ ಟೂಲ್‌ಕಿಟ್‌ನ ಕೆಲಸ ಅಲ್ವಾ, ಅದಕ್ಕೇ ತಾನೇ ಅದನ್ನು ಬಳಸೋದು ಅಂತ ನೀವು ಕೇಳಬಹುದು. ಒಳಗಿನ ವಸ್ತುಗಳ ಮಟ್ಟಿಗೆ ನಿಜ. ಬಟನ್ ಮೂಲೆ ದುಂಡಗಿದೆಯೋ ಚೌಕವಾಗಿದೆಯೋ ಅಂತ ನನಗೆ ಗೊತ್ತಾಗಬೇಕಿಲ್ಲ. ಆದರೆ ವಿಂಡೋ ಅನ್ನೋದು ನನ್ನ ಪ್ರೋಗ್ರಾಂ, ಓನರ್ ಮತ್ತು ಬಳಸುವವರು ಮೂವರೂ ಸಂಧಿಸುವ ಜಾಗ. ಅಲ್ಲಿ ಯಾರ ಮಾತು ಎಷ್ಟು ನಡೆಯುತ್ತೆ ಅನ್ನೋದನ್ನು ಮುಚ್ಚಿಟ್ಟರೆ ನಷ್ಟ ಆಗೋದು ಮೂರನೆಯವರಿಗೆ. ಅವರಿಗೆ ಕ್ಯೂಟ್ ಗೊತ್ತಿಲ್ಲ, ವೇಲ್ಯಾಂಡ್ ಗೊತ್ತಿಲ್ಲ. ಬೆಳಗ್ಗೆಯಿಂದ ಟೈಪ್ ಮಾಡಿದ್ದು ಮಾತ್ರ ಗೊತ್ತು.

ಟ್ಯುಟೋರಿಯಲ್‌ಗಳ ಪಾಲೂ ಇದರಲ್ಲಿದೆ. ನಾನು ಕಲಿತ ಮೊದಲ ಪಾಠದಲ್ಲಿ ಇದ್ದದ್ದು ನಾಲ್ಕೇ ಹೆಜ್ಜೆ: ವಿಂಡೋ ಮಾಡು, ಶೀರ್ಷಿಕೆ ಕೊಡು, ಅಳತೆ ಕೊಡು, ತೋರಿಸು. ತೆರೆಯೋದನ್ನು ಮೊದಲ ಪುಟದಲ್ಲೇ ಕಲಿಸಿದರು. ಮುಚ್ಚೋದು ಎಷ್ಟೋ ಅಧ್ಯಾಯ ಕಳೆದ ಮೇಲೆ ಬಂತು, ಅಷ್ಟರಲ್ಲಿ ನಾನು ಓದೋದು ಬಿಟ್ಟು ಬರೆಯೋಕೆ ಶುರುಮಾಡಿದ್ದೆ.

ಮಾವನ ಪ್ರೋಗ್ರಾಮಿನಲ್ಲಿ ಈಗ ಕ್ಲೋಸ್‌ಇವೆಂಟ್ ಇದೆ. ಮೊದಲು 'ಉಳಿಸಬೇಕಾ?' ಅಂತ ಕೇಳುವ ಡೈಲಾಗ್ ಹಾಕಿದ್ದೆ. ಆಮೇಲೆ ಅದನ್ನೂ ತೆಗೆದು, ಪ್ರತಿ ಎಂಟ್ರಿಯೂ ಬರೆದ ತಕ್ಷಣ ಡಿಸ್ಕಿಗೆ ಹೋಗೋ ಹಾಗೆ ಮಾಡಿದೆ. ಯಾಕಂದರೆ ಕರೆಂಟ್ ಹೋದಾಗ ಯಾವ ಕ್ಲೋಸ್‌ಇವೆಂಟೂ ಬರಲ್ಲ. ಈಗ ಅವರು ಇಂಟು ಒತ್ತಿದರೆ ಮುಚ್ಚೋದು ಕಿಟಕಿ ಮಾತ್ರ, ಲೆಕ್ಕ ಅಲ್ಲ. ಕಳೆದುಹೋದ ಆ ಅರ್ಧ ದಿನದ ಎಂಟ್ರಿಗಳನ್ನು ಒಂದು ಭಾನುವಾರ ನಾನೇ ಕೂತು ಬಿಲ್ ಪುಸ್ತಕ ನೋಡಿ ಟೈಪ್ ಮಾಡಿಕೊಟ್ಟೆ.